ಜ್ಯೂರಿ ಇಲ್ಲದ ನಮ್ಮ ಕೋರ್ಟಿಗೆ ಜ್ಯೂರಿ ಮ್ಯಾಲಿನ ಸಂಶೋಧನೆ ಯಾಕ ಬೇಕು?

ಗುಮ್ಮಟನಗರಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ್ರಿ. ನಾನು ಮನಃಶಾಸ್ತ್ರದಾಗ ಎಂ.ಎ. ಓದ್ಲಿಕ್ಕತ್ತೀನಿ. ತೀರ್ಪು ಕೊಡೋವಾಗ ಮನುಷ್ಯನ ತಲಿಯೊಳಗ ಏನು ನಡೀತದ ಅನ್ನೋದು ನನ್ನ ಪ್ರಾಜೆಕ್ಟಿನ ವಿಷಯ. ಆದ್ರ ಓದ್ಲಿಕ್ಕೆ ಕುಂತ್ರ ಸಿಗೋದು ಹೆಚ್ಚಿನದೆಲ್ಲಾ ಅಮೆರಿಕಾದ ಜ್ಯೂರಿ (ಅಪರಾಧಿನೋ ಅಲ್ಲೋ ಅಂತ ಹೇಳ್ಲಿಕ್ಕೆ ಕೂಡಿಸೋ ಸಾಮಾನ್ಯ ಮಂದಿಯ ಗುಂಪು) ಮ್ಯಾಲಿನ ಸಂಶೋಧನೆ. "ನಮ್ಮಲ್ಲಿ ಜ್ಯೂರಿನೇ ಇಲ್ಲ, ಇದನ್ನ ತಗೊಂಡು ಏನು ಮಾಡ್ತಿ?" ಅಂತ ನಮ್ಮ ಗೈಡ್ ಮೇಡಂ ಕೇಳಿದ್ರು. ಅದಕ್ಕ ಉತ್ತರ ದಿನಾ ಕೋರ್ಟಿನೊಳಗ ನಿಲ್ಲೋರ ಹತ್ರ ಸಿಗಬಹುದು ಅಂತ ಇಲ್ಲಿ ಕೇಳ್ಲಿಕ್ಕತ್ತೀನಿ.

ನಾನು ಮೊದಲು ಓದಿದ್ದು ಪೆನ್ನಿಂಗ್ಟನ್ ಮತ್ತ ಹೇಸ್ಟಿ ಅನ್ನೋರು 1988ರಾಗ ಪ್ರಕಟಿಸಿದ ಪ್ರಯೋಗ. ಒಂದು ಕೊಲೆ ಕೇಸಿನ ಸಾಕ್ಷ್ಯ ತಗೊಂಡ್ರು. ಸಾಕ್ಷ್ಯದಾಗ ಒಂದಕ್ಷರ ಬದಲಿ ಇಲ್ಲ, ಬದಲಿ ಆಗಿದ್ದು ಬರೇ ಹೇಳೋ ಕ್ರಮ. ಒಂದು ಕಡೆಯವರ ಸಾಕ್ಷ್ಯ ಘಟನೆ ನಡೆದ ಕ್ರಮದಾಗ, ಅಂದ್ರ ಕಥಿ ಹಂಗ ಬರ್ತದ. ಇನ್ನೊಂದು ಕಡೆಯವರದು ಒಬ್ಬೊಬ್ಬ ಸಾಕ್ಷಿದಾರ ಬಂದು ಹೋದ ಕ್ರಮದಾಗ, ಚದುರಿಕೊಂಡು ಬರ್ತದ. ಸರಕಾರಿ ಪಕ್ಷದ್ದು ಕಥಿಯಾಗಿ, ಆರೋಪಿ ಪಕ್ಷದ್ದು ಚದುರಿ ಬಂದಾಗ ಶೇ. 78 ಮಂದಿ ಅಪರಾಧಿ ಅಂದ್ರು. ಅದನ್ನ ತಿರುವಿದಾಗ ಶೇ. 31 ಮಂದಿ ಅಷ್ಟ ಅಂದ್ರು. ಸಾಕ್ಷ್ಯ ಅದೇ, ಆರೋಪಿ ಅವನೇ.

ಕೇಳೋರು ಸಾಕ್ಷ್ಯಗಳನ್ನ ಒಂದೊಂದಾಗಿ ತೂಗಿ ಕಡೀಕ ಕೂಡಿಸೋದಿಲ್ಲ, ಮೊದಲಿಂದ ಒಂದು ಕಥಿ ಕಟ್ಟಿಕೋತ ಹೋಗ್ತಾರ, ಯಾವ ಕಥಿ ಪೂರಾ ಅನಿಸ್ತದೋ ಅದರ ಕಡೆ ವಾಲ್ತಾರ ಅಂತ ಅವರ ವಾದ. ಇದು ಬರೇ ಜ್ಯೂರಿಯವರ ಗುಣ ಏನು? ನಮ್ಮ ಸೆಷನ್ಸ್ ಕೋರ್ಟಿನಾಗ ಕುಂತವರೂ ಮನುಷ್ಯರೇ ಅಲ್ಲೇನ್ರಿ?

ಕರಿಕೋಟು (ಬಾಗಲಕೋಟೆ)

ತಂಗಿ, ಪ್ರಶ್ನೆ ಚಲೋ ಐತಿ. ಆದ್ರ ಜ್ಯೂರಿ ನಮಗ ಗೊತ್ತ ಇಲ್ಲದ ವಸ್ತು ಅಂತ ತಿಳೀಬ್ಯಾಡ. 1956ರ ನವೆಂಬರ್ 1ರ ತನಕ ಬೆಳಗಾವಿ, ವಿಜಾಪುರ ಜಿಲ್ಲಾ ಮುಂಬೈ ಕಡೆ ಇದ್ದವು. ಬಾಗಲಕೋಟಿ ಆವಾಗ ವಿಜಾಪುರ ಜಿಲ್ಲಾದೊಳಗ ಇತ್ತು, ಬ್ಯಾರೆ ಆಗಿದ್ದು 1997ರಾಗ. ಮುಂಬೈ ಜ್ಯೂರಿ ಅಂದ್ರ ಈ ಭಾಗದ ಹಿರ್ಯಾರಿಗೆ ನೆನಪಾಗತಿದ್ದದ್ದು 1908ರ ಟಿಳಕರ ರಾಜದ್ರೋಹದ ಖಟ್ಲೆ. ಒಂಬತ್ತು ಮಂದಿ ಜ್ಯೂರಿಯೊಳಗ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಖಟ್ಲೆ ಆಗಿದ್ದು ಮರಾಠಿ ಲೇಖನಗಳ ಮ್ಯಾಲೆ, ಜ್ಯೂರಿ ಮುಂದ ಇಟ್ಟದ್ದು ಇಂಗ್ಲಿಷ್ ಅನುವಾದ. ಏಳಕ್ಕ ಎರಡು ಅಂತ ಅಪರಾಧಿ ಅಂದ್ರು, ಆರು ವರ್ಷ ಬರ್ಮಾದ ಮಂಡಾಲೆ ಜೈಲು ಆತು. ಯಾಕ ಅಪರಾಧಿ ಅಂತ ಜ್ಯೂರಿ ಒಂದ ಸಾಲೂ ಬರಿಲಿಲ್ಲ, ಬರಿಯೂ ಪದ್ಧತಿನ ಇರಲಿಲ್ಲ.

ಅದೇ ಟಿಳಕರು 1916ರಾಗ ಬೆಳಗಾವಿಗೆ ಬಂದು ಹೋಂ ರೂಲ್ ಭಾಷಣ ಮಾಡಿದ್ರು. ಆ ಭಾಷಣ ಮತ್ತ ಅಹ್ಮದನಗರದ ಭಾಷಣಗಳ ಮ್ಯಾಲೆ ಪುಣೆ ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಕೇಳಿದ್ರು. ಮುಂಬೈ ಹೈಕೋರ್ಟು ಭಾಷಣ ಪೂರ್ತಿ ಓದಿ, ಕಾರಣ ಬರದು, ಆ ಹುಕುಂ ರದ್ದು ಮಾಡಿತು. ಎರಡೂ ಕೋರ್ಟು ಬ್ರಿಟಿಷರವ. ಆದ್ರ ಒಂದು ಕಡೆ ಕಾರಣ ಐತಿ, ಇನ್ನೊಂದು ಕಡೆ ಇಲ್ಲ.

ಆಮ್ಯಾಲೆ ನಾನಾವತಿ ಕೇಸು. 1959ರಾಗ ನಾನಾವತಿ ಅನ್ನೂ ನೌಕಾದಳದ ಅಧಿಕಾರಿ ಒಬ್ಬನಿಗೆ ಗುಂಡು ಹಾಕಿ ಕೊಂದದ್ದು. ಬ್ಲಿಟ್ಜ್ ವಾರಪತ್ರಿಕೆ ಅವನ ಪರವಾಗಿ ಎಷ್ಟು ಬರೀತು ಅಂದ್ರ ಜ್ಯೂರಿ ಕೂಡೂದಕ್ಕ ಮೊದಲ ಊರು ತೀರ್ಪು ಕೊಟ್ಟಿತ್ತು. ಜ್ಯೂರಿ 8-1ರಿಂದ ನಿರ್ದೋಷಿ ಅಂತು. ಸೆಷನ್ಸ್ ನ್ಯಾಯಾಧೀಶರು ಅದನ್ನ ಒಪ್ಪದ ಹೈಕೋರ್ಟಿಗೆ ಕಳಿಸಿದ್ರು, ಅಲ್ಲಿ ಶಿಕ್ಷೆ ಆತು, 1961ರಾಗ ಸುಪ್ರೀಂ ಕೋರ್ಟು ಎತ್ತಿ ಹಿಡೀತು. ಇದೊಂದ ಕೇಸಿನಿಂದ ಜ್ಯೂರಿ ಹೋತು ಅಂತ ಮಂದಿ ಹೇಳತಾರ, ಅದು ಪೂರ್ತಿ ಸರಿ ಅಲ್ಲ. 1958ರ ಕಾನೂನು ಆಯೋಗದ 14ನೇ ವರದಿನ ತಗೀರಿ ಅಂತ ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರ ಸಿಆರ್‌ಪಿಸಿಯೊಳಗ ಜ್ಯೂರಿಗೆ ಜಾಗಾನ ಉಳಿಲಿಲ್ಲ. ಪಾರ್ಸಿಗಳ ವಿವಾಹ ವ್ಯಾಜ್ಯದೊಳಗ ಅಷ್ಟ ಅದರ ಕುರುಹು ಐತಿ.

ನನ್ನ ಅಭಿಪ್ರಾಯ ಇಷ್ಟ: ನಮ್ಮಲ್ಲಿ ನ್ಯಾಯಾಧೀಶರು ಕಾರಣ ಬರೀಬೇಕು. ತಪ್ಪಿದ್ರ ನಾವು ಬಾಗಲಕೋಟಿ, ಬೆಳಗಾವಿಯವರು ಹೈಕೋರ್ಟಿನ ಧಾರವಾಡ ಪೀಠಕ್ಕ, ನೀವು ವಿಜಯಪುರದವರು ಕಲಬುರಗಿ ಪೀಠಕ್ಕ ಹೋಗಬಹುದು. ಜ್ಯೂರಿ ಸಂಶೋಧನೆ ನಮಗ ಹೆಚ್ಚು ಹೊಂದೂದಿಲ್ಲ.

ಲೆಕ್ಕಪತ್ರ (ಚಿಕ್ಕೋಡಿ)

ವಕೀಲ ಸಾಹೇಬರೆ, ಕಾನೂನು ಓದಿದವರಿಗೂ ಇದು ಅನ್ವಯಿಸುತ್ತದೆ ಎಂದು ತೋರಿಸಿದ ಪ್ರಯೋಗಗಳಿವೆ. ಜರ್ಮನಿಯಲ್ಲಿ ಎಂಗ್ಲಿಷ್, ಮುಸ್‌ವೈಲರ್, ಸ್ಟ್ರಾಕ್ ಎಂಬವರು 2006ರಲ್ಲಿ ಪ್ರಕಟಿಸಿದ್ದು. ಅಂಗಡಿ ಕಳವಿನ ಒಂದು ಕೇಸಿನ ಕಡತವನ್ನು ಕಾನೂನು ವೃತ್ತಿಯವರಿಗೆ ಕೊಟ್ಟರು. ಸರಕಾರಿ ವಕೀಲರು ಎಷ್ಟು ತಿಂಗಳ ಶಿಕ್ಷೆ ಕೇಳಿದ್ದಾರೆ ಎಂಬುದನ್ನು ಓದುವವರೇ ದಾಳ ಉರುಳಿಸಿ ಗೊತ್ತುಮಾಡಬೇಕು. ಅಂದರೆ ಆ ಸಂಖ್ಯೆಗೆ ಅರ್ಥವಿಲ್ಲ ಎಂಬುದು ಅವರ ಕಣ್ಣೆದುರೇ ಇದೆ. ದಾಳಗಳು ಮಾತ್ರ 3 ಅಥವಾ 9 ಬೀಳುವಂತೆ ಮಾಡಿದವು. 3 ಬಿದ್ದವರು ಸರಾಸರಿ 5.28 ತಿಂಗಳು ಕೊಟ್ಟರು, 9 ಬಿದ್ದವರು 7.81 ತಿಂಗಳು.

ಕಾರಣ ಬರೆಯಲು ಹೇಳಿದ್ದರೆ ಎರಡೂ ಗುಂಪಿನವರು ಚೆನ್ನಾಗಿಯೇ ಬರೆಯುತ್ತಿದ್ದರು. "ಆರೋಪಿಯ ಹಿಂದಿನ ನಡತೆ, ಕೃತ್ಯದ ಸ್ವರೂಪ ಪರಿಗಣಿಸಿ" ಎಂದು. ಆದರೆ "ದಾಳದಲ್ಲಿ ಒಂಬತ್ತು ಬಿತ್ತು" ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ಅದು ತಮ್ಮನ್ನು ಎಳೆದದ್ದು ಅವರಿಗೇ ಗೊತ್ತಿರುವುದಿಲ್ಲ. ಮೇಲ್ಮನವಿಯಲ್ಲಿ ಪರಿಶೀಲನೆಗೆ ಸಿಗುವುದು ಬರೆದ ಕಾರಣ ಮಾತ್ರ.

ಬದುವಿನ ಮ್ಯಾಲ (ಜಮಖಂಡಿ)

ಇಸ್ರೇಲಿನಾಗ ಜಡ್ಜ್ ಸಾಹೇಬ್ರಿಗೆ ಹಸಿವಾದ್ರ ಕೈದಿಗೆ ಪೆರೋಲ್ ಸಿಗೂದಿಲ್ಲ, ಊಟ ಆದಮ್ಯಾಲೆ ಸಿಗತೈತಿ ಅಂತ ಒಂದು ಸಂಶೋಧನೆ ಓದಿದ್ದೆ. ಖರೇ ಏನ್ರಿ ಅದು? ನಮ್ಮ ಹೊಲದ ದಾವಾ ಯಾವಾಗಲೂ ಮಧ್ಯಾಹ್ನಕ್ಕ ಬರತೈತಿ, ಅದಕ್ಕ ಕೇಳಿದೆ.

ಲೆಕ್ಕಪತ್ರ (ಚಿಕ್ಕೋಡಿ)

ಅದು 2011ರದು, ಡ್ಯಾನ್‌ಜಿಗರ್ ಮತ್ತು ಜೊತೆಗಾರರದು. 8 ನ್ಯಾಯಾಧೀಶರು, 1,112 ತೀರ್ಮಾನಗಳು. ಕಲಾಪ ಶುರುವಾದಾಗ ಸುಮಾರು ಶೇ. 65ರಷ್ಟು ಅರ್ಜಿ ಮಂಜೂರು. ವಿರಾಮದ ಹೊತ್ತಿಗೆ ಅದು ಹೆಚ್ಚುಕಡಿಮೆ ಸೊನ್ನೆ. ತಿಂದು ಬಂದ ಮೇಲೆ ಮತ್ತೆ 65. ಜಗತ್ತೆಲ್ಲ ಹರಡಿದ್ದು ಇಷ್ಟೇ. ಅದೇ ವರ್ಷ ವೈನ್‌ಶಾಲ್-ಮಾರ್ಗೆಲ್ ಮತ್ತು ಶಾಪರ್ಡ್ ಕೊಟ್ಟ ಉತ್ತರ ಅಷ್ಟು ಹರಡಲಿಲ್ಲ. ಕೇಸುಗಳ ಸರದಿ ಚೀಟಿ ಎತ್ತಿದಂತೆ ಬರುತ್ತಿರಲಿಲ್ಲ, ವಕೀಲರಿಲ್ಲದ ಕೈದಿಗಳ ಅರ್ಜಿ ಸಾಮಾನ್ಯವಾಗಿ ವಿರಾಮದ ಮುಂಚೆ ಕೊನೆಗೆ ಬರುತ್ತಿತ್ತು, ವಕೀಲರಿಲ್ಲದವರ ಅರ್ಜಿ ತಿರಸ್ಕಾರವಾಗುವುದೂ ಹೆಚ್ಚು ಎಂದು ಅವರು ತೋರಿಸಿದರು. 2016ರಲ್ಲಿ ಗ್ಲಾಕ್‌ನರ್, ಅಷ್ಟು ಕಡಿದಾದ ಇಳಿತ ಹಸಿವಿಲ್ಲದೆಯೂ, ಬರೀ ಸಮಯದ ಹೊಂದಾಣಿಕೆಯಿಂದ ಮೂಡಬಹುದು ಎಂದು ಲೆಕ್ಕ ಹಾಕಿದರು.

ಹಾಗಾಗಿ ಹಸಿವಿನ ಮಾತನ್ನು ಪಕ್ಕಕ್ಕಿಡಿ. ಅದೇ ಅಂಕಿಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ವಕೀಲರಿಲ್ಲದ ಕೈದಿ.

ನಿರ್ವಾಹಕರು

ಚರ್ಚೆ ಚೆನ್ನಾಗಿ ನಡೆದಿದೆ. ನಡೆಯುತ್ತಿರುವ ಕೇಸು, ಕಕ್ಷಿದಾರರ ಹೆಸರು, ಊರಿನ ಗುರುತು ಹಾಕಬೇಡಿ.

ಶೀಘ್ರಲಿಪಿ (ಬೆಳಗಾವಿ, ನಿವೃತ್ತ)

ನನ್ನ ನೌಕರಿಯೆಲ್ಲ ಕೋರ್ಟಿನಲ್ಲಿ ಬರೆದುಕೊಳ್ಳುವುದರಲ್ಲೇ ಕಳೆದಿದೆ. ವಿಜಯಪುರದ ತಂಗಿಗೆ ಉಪಯೋಗವಾಗುವ ಒಂದು ಮಾತು ನನ್ನ ಹತ್ತಿರ ಇದೆ.

ಸಾಕ್ಷಿಕಟ್ಟೆಯಲ್ಲಿ ನಿಂತವರು ಹೇಳಿದ್ದು ಹೇಗೆ ಕಾಗದಕ್ಕೆ ಇಳಿಯುತ್ತದೆ ಎಂದು ಹೊರಗಿನವರು ನೋಡಿರುವುದಿಲ್ಲ. ಪಾಟೀ ಸವಾಲಿನಲ್ಲಿ ಎದುರು ಪಕ್ಷದ ವಕೀಲರು ಕೇಳುತ್ತಾರೆ: "ಅವತ್ತು ಸಂಜೆ ಕತ್ತಲಾಗಿತ್ತು, ಬೀದಿದೀಪ ಇರಲಿಲ್ಲ, ನಿಮಗೆ ಮುಖ ಸರಿಯಾಗಿ ಕಾಣಲಿಲ್ಲ, ಹೌದಲ್ಲೋ?" ಸಾಕ್ಷಿ ಒಂದು ಕ್ಷಣ ಸುಮ್ಮನಿದ್ದು, "ಹ್ಞೂಂ ಸರ, ಕತ್ತಲಾಗಿತ್ತು, ಆದ್ರ ಅವನ ನಡಗಿ ನನಗ ಗೊತ್ತೈತಿ" ಎನ್ನುತ್ತಾನೆ. ನ್ಯಾಯಾಧೀಶ ಸಾಹೇಬರು ಬರೆಸುವುದು: "ಘಟನೆಯ ಸಮಯ ಕತ್ತಲಾಗಿತ್ತು. ಆರೋಪಿಯನ್ನು ನಡಿಗೆಯಿಂದ ಗುರುತಿಸಿದೆನು." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪ್ರಶ್ನೆ ಹೋಯಿತು, ಅವನು ತಡೆದದ್ದು ಹೋಯಿತು, ಯಾವ ಮಾತು ವಕೀಲರದು, ಯಾವುದು ಅವನದು ಎಂಬ ಗೆರೆಯೇ ಅಳಿಸಿಹೋಯಿತು.

ಇದು ಯಾರ ಸೋಮಾರಿತನವೂ ಅಲ್ಲ. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲೇ ಬರೆಯಬೇಕು ಎಂದು ಸಿಆರ್‌ಪಿಸಿ 276ನೇ ಕಲಮೇ ಹೇಳುತ್ತಿತ್ತು. ಬೇಕಾದ ಕಡೆ ಪ್ರಶ್ನೋತ್ತರವಾಗಿ ಬರೆಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಕೆಲವು ಸಾಹೇಬರು ಮುಖ್ಯವಾದ ಕಡೆ "ಪ್ರಶ್ನೆ, ಉತ್ತರ ಎಂದೇ ಹಾಕಿ" ಎಂದು ಬರೆಸುತ್ತಿದ್ದರು, ಅವರ ಮೇಲೆ ನನಗೆ ಇವತ್ತಿಗೂ ಗೌರವ. ದಿನಕ್ಕೆ ಹತ್ತಾರು ಕೇಸು ಪಟ್ಟಿಯಲ್ಲಿರುವಾಗ ಎಲ್ಲ ಸಾಕ್ಷಿಗೂ ಹಾಗೆ ಮಾಡಲು ಯಾರಿಗೂ ಆಗುವುದಿಲ್ಲ. ವಾದ ಮುಗಿಯುವಷ್ಟರಲ್ಲಿ ಆ ನ್ಯಾಯಾಧೀಶರಿಗೆ ವರ್ಗವಾಗಿರುತ್ತದೆ. ತೀರ್ಪು ಬರೆಯುವವರು ಆ ಸಾಕ್ಷಿಯ ಮುಖವನ್ನೇ ನೋಡಿರುವುದಿಲ್ಲ, ನಾನು ಬೆರಳಚ್ಚು ಮಾಡಿದ ಹಾಳೆ ಮಾತ್ರ ಅವರ ಮುಂದೆ ಇರುತ್ತದೆ.

ನಿಮ್ಮ ಅಮೆರಿಕಾದ ಪ್ರಯೋಗದಲ್ಲಿ ಸಾಕ್ಷ್ಯದ ಕ್ರಮ ಬದಲಾದರೆ ತೀರ್ಪು ಬದಲಾಯಿತು. ನಮ್ಮಲ್ಲಿ ಸಾಕ್ಷ್ಯ ಕಾಗದದ ಮೇಲೆ ಬರುವಾಗಲೇ ಅರ್ಧ ಕಥೆಯಾಗಿ ಬರುತ್ತದೆ. ಅದನ್ನು ಯಾರಾದರೂ ಅಭ್ಯಾಸ ಮಾಡಿದ್ದಾರೆಯೇ?

ಗುಮ್ಮಟನಗರಿ (ವಿಜಯಪುರ)

ಕಾಕಾರ, ನಿಮ್ಮ ಮಾತು ಓದಿ ಲಾಫ್ಟಸ್ ಮತ್ತ ಪಾಮರ್ ಅವರ 1974ರ ಕೆಲಸ ತಿರುಗಿ ತಗದು ನೋಡಿದೆ. 150 ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿ ಆಗೋ ಚಿತ್ರ ತೋರಿಸಿದ್ರು. ಐವತ್ತು ಮಂದಿಗೆ "ಕಾರು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು" ಅಂತ ಕೇಳಿದ್ರು, ಐವತ್ತು ಮಂದಿಗೆ "ಹೊಡೆದಾಗ" ಅಂತ ಕೇಳಿದ್ರು, ಉಳಿದವರಿಗೆ ವೇಗದ ಪ್ರಶ್ನೆನೇ ಇಲ್ಲ. ಒಂದು ವಾರ ಬಿಟ್ಟು ಕರೆದು "ಒಡೆದ ಗಾಜು ನೋಡಿದ್ರೇನು" ಅಂತ ಕೇಳಿದ್ರು. ಚಿತ್ರದಾಗ ಒಡೆದ ಗಾಜು ಇರಲೇ ಇಲ್ಲ. ಹೌದು ಅಂದವರು ಮೊದಲ ಗುಂಪಿನಾಗ 16, ಎರಡನೇದರಾಗ 7, ಮೂರನೇದರಾಗ 6.

ಅಂದ್ರ ಪ್ರಶ್ನೆ ಬರೇ ಉತ್ತರ ಎಳೆದು ತರೋದಿಲ್ಲ, ನೆನಪನ್ನೇ ತಿದ್ದತದ. ಹಂಗಿದ್ದ ಮ್ಯಾಲೆ ಪ್ರಶ್ನೆ ಬಿಟ್ಟು ಉತ್ತರ ಅಷ್ಟ ಬರೆದಿಟ್ರ, ಆ ಉತ್ತರ ಎಷ್ಟು ನಂಬಬೇಕು ಅಂತ ಅಳೀಲಿಕ್ಕೆ ಬೇಕಾದ ಮುಖ್ಯ ವಸ್ತುನೇ ಕಳಕೊಂಡಂಗ ಆಯ್ತು. ನಾನು ಓದಿದ ಜ್ಯೂರಿ ಪ್ರಯೋಗದಾಗೆಲ್ಲ ಜ್ಯೂರಿಯವರು ಸಾಕ್ಷಿ ಮಾತು ಕಿವಿಯಾರೆ ಕೇಳ್ತಾರ. ನೀವು ಹೇಳಿದ್ದು ನನಗ ಎಲ್ಲೂ ಸಿಕ್ಕಿರಲಿಲ್ಲ.

ಕರಿಕೋಟು (ಬಾಗಲಕೋಟೆ)

ಶೀಘ್ರಲಿಪಿ ಅವರು ಹೇಳಿದ್ದು ಅಕ್ಷರಶಃ ಖರೆ. ನಾವು ವಕೀಲರು "ಸಾಹೇಬ್ರ, ಇದನ್ನ ಪ್ರಶ್ನೋತ್ತರವಾಗಿ ತಗೋರಿ" ಅಂತ ಕೇಳಬಹುದು. ಭಾಳ ಮಂದಿ ಕೇಳೂದಿಲ್ಲ. ನಾ ಜೂನಿಯರುಗಳಿಗೆ ಇದನ್ನ ಹೇಳತಿರತೇನಿ.

ಜ್ಯೂರಿ ಇಲ್ಲದ್ದಕ್ಕ ಹುಟ್ಟಿದ ಇನ್ನೊಂದು ತೊಡಕು ಇಲ್ಲೇ ಹೇಳಬೇಕು. ಪೊಲೀಸರ ಮುಂದ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯ ಅಲ್ಲ. ಹಳೇ ಸಾಕ್ಷ್ಯ ಕಾಯ್ದೆ 25ನೇ ಕಲಂ, ಈಗ ಹೊಸ ಸಾಕ್ಷ್ಯ ಅಧಿನಿಯಮದ 23. ಆದ್ರ ದೋಷಾರೋಪ ಪಟ್ಟಿ ತಗದು ನೋಡ್ರಿ, "ಆರೋಪಿಯ ಸ್ವಇಚ್ಛಾ ಹೇಳಿಕೆ" ಅಂತ ಹಾಳಿ ಇರತಾವ. ಅದರಿಂದ ವಸ್ತು ಸಿಕ್ಕಿದ್ರ ಆ ಭಾಗ ಅಷ್ಟ ಕೋರ್ಟಿಗೆ ಬೇಕು, ಉಳಿದದ್ದು ಬ್ಯಾಡ. "ನಾನ ಹೊಡದೆ, ಸಿಟ್ಟು ಬಂದು ಹೊಡದೆ" ಅನ್ನೂ ಪೂರ್ತಿ ಹಾಳಿ ನ್ಯಾಯಾಧೀಶರ ಕಣ್ಣಿಗೆ ಮೊದಲ ದಿನ ಬೀಳತೈತಿ. ಜ್ಯೂರಿ ಇರೂ ದೇಶದಾಗ ಇಂಥಾ ವಾದ ಬಂದ್ರ ಜ್ಯೂರಿನ ಹೊರಗ ಕಳಿಸಿ ನ್ಯಾಯಾಧೀಶರು ಕೇಳತಾರ. ಬ್ಯಾಡಾದದ್ದು ಜ್ಯೂರಿ ಕಿವಿಗೆ ಬೀಳೂದ ಇಲ್ಲ. ನಮ್ಮಲ್ಲಿ ಕೇಳಿದವರೂ ಅವರ, ಮರೀಬೇಕಾದವರೂ ಅವರ.

ಲೆಕ್ಕಪತ್ರ (ಚಿಕ್ಕೋಡಿ)

ಸಾಹೇಬರೆ, ಇದನ್ನು ನೇರವಾಗಿ ಅಳೆದವರಿದ್ದಾರೆ. ವಿಸ್ಟ್ರಿಚ್, ಗತ್ರಿ, ರಾಕ್ಲಿನ್‌ಸ್ಕಿ, 2005. ಅಮೆರಿಕಾದ ಸೇವೆಯಲ್ಲಿರುವ ನ್ಯಾಯಾಧೀಶರಿಗೆ ಕಾಲ್ಪನಿಕ ಕೇಸು ಕೊಟ್ಟು, ಕೆಲವರಿಗೆ ಪರಿಗಣಿಸಬಾರದ ಮಾಹಿತಿಯನ್ನೂ ಸೇರಿಸಿದರು. ರಾಜಿ ಮಾತುಕತೆಯಲ್ಲಿ ಕೇಳಿದ ಹಣ, ಹಳೆಯ ಅಪರಾಧದ ದಾಖಲೆ, ಅತ್ಯಾಚಾರ ಸಂತ್ರಸ್ತೆಯ ಹಿಂದಿನ ಖಾಸಗಿ ಬದುಕು: ಇವನ್ನು ತಲೆಯಿಂದ ತೆಗೆಯಲು ಅವರಿಗೆ ಆಗಲಿಲ್ಲ, ತೀರ್ಮಾನ ಅದರತ್ತ ವಾಲಿತು. ಆದರೆ ವಕೀಲರ ನೆರವಿನ ಹಕ್ಕು ಮುರಿದು ಪಡೆದ ತಪ್ಪೊಪ್ಪಿಗೆಯನ್ನು ಬದಿಗಿಡುವುದು ಅವರಿಗೆ ಸಾಧ್ಯವಾಯಿತು. ಜಪ್ತಿಯಲ್ಲಿ ಏನು ಸಿಕ್ಕಿತು ಎಂಬುದನ್ನು ಮರೆತು, ಜಪ್ತಿಗೆ ಮೊದಲೇ ಕಾರಣವಿತ್ತೇ ಎಂದು ನೋಡುವುದೂ ಸಾಧ್ಯವಾಯಿತು.

ಈ ಎರಡನೇ ಭಾಗ ಮುಖ್ಯ. ತರಬೇತಿಯಿಂದ ಏನೂ ಆಗುವುದಿಲ್ಲ ಎಂದಲ್ಲ. ಕೆಲವು ಕಡೆ ಆಗುತ್ತದೆ, ಕೆಲವು ಕಡೆ ಆಗುವುದಿಲ್ಲ. ಎಲ್ಲಿ ಆಗುವುದಿಲ್ಲವೋ ಅಲ್ಲಿ ಮಾಹಿತಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಸ್ವಇಚ್ಛಾ ಹೇಳಿಕೆಯಲ್ಲಿ ಕೋರ್ಟಿಗೆ ಬೇಕಾದ ಸಾಲನ್ನಷ್ಟೇ ಕಡತದಲ್ಲಿಟ್ಟು, ಉಳಿದದ್ದನ್ನು ಲಕೋಟೆಯಲ್ಲಿ ಬೇರೆ ಇಡಲು ಏನು ಅಡ್ಡಿ?

ಕರಿಕೋಟು (ಬಾಗಲಕೋಟೆ)

ಜಾಮೀನು ವಾದದಾಗ ಆ ಹಾಳಿನ ನಮಗೂ ಬೇಕಾಗತಾವ, ಪೊಲೀಸರು ಏನೇನು ಬರಸ್ಯಾರ ಅಂತ ತೋರಸಾಕ. ವಕೀಲರಿಗೆ ಪ್ರತಿ ಕೊಟ್ಟು ವಿಚಾರಣೆಯ ಕಡತದಿಂದ ಬ್ಯಾರೆ ಇಟ್ರ ನನ್ನ ತಕರಾರು ಏನೂ ಇಲ್ಲ. ಒಳ್ಳೇ ಸೂಚನಾ.

ನಿಂಬಾಳ ಬಾಯಿ (ಬೆಳಗಾವಿ, ವಕೀಲೆ)

ಸಂತ್ರಸ್ತೆಯ ಖಾಸಗಿ ಬದುಕಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

2013ರಲ್ಲಿ ಕಾನೂನಿಗೇ ತಿದ್ದುಪಡಿ ಬಂತು: ಇಂಥ ಕೇಸಿನಲ್ಲಿ ಸಮ್ಮತಿ ಇತ್ತೇ ಎಂಬ ಪ್ರಶ್ನೆಗೆ ಹೆಣ್ಣಿನ ಹಿಂದಿನ ಲೈಂಗಿಕ ಅನುಭವ ಸಂಬಂಧವಿಲ್ಲದ್ದು. ಅದೇ ವರ್ಷ ಎರಡು ಬೆರಳಿನ ಪರೀಕ್ಷೆ (ಹೆಣ್ಣಿಗೆ ಹಿಂದೆ ಲೈಂಗಿಕ ಸಂಪರ್ಕ ಇತ್ತೇ ಎಂದು ವೈದ್ಯರು ನೋಡುತ್ತಿದ್ದದ್ದು) ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಅದನ್ನೇ ಮತ್ತೆ, ಇನ್ನಷ್ಟು ಕಟುವಾಗಿ ಹೇಳಬೇಕಾಯಿತು. 2020ರಲ್ಲಿ ನಮ್ಮ ಹೈಕೋರ್ಟಿನಲ್ಲೇ, ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂದ ಹೆಣ್ಣಿನ ಬಗ್ಗೆ ಅದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬ ಅರ್ಥದ ಮಾತು ಬಂತು. ದೇಶವೆಲ್ಲ ಚರ್ಚೆಯಾಗಿ ಆ ಸಾಲನ್ನು ಅಳಿಸಲಾಯಿತು. 2021ರ ಅಪರ್ಣಾ ಭಟ್ ಪ್ರಕರಣದಲ್ಲಿ, ಆರೋಪಿ ಹೋಗಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕು ಎಂಬ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. 2023ರ ಆಗಸ್ಟಿನಲ್ಲಿ ಲಿಂಗ ಪೂರ್ವಗ್ರಹದ ವಿರುದ್ಧ ಕೈಪಿಡಿಯನ್ನೇ ಹೊರಡಿಸಿತು.

ಕರಿಕೋಟು ಸರ್ ಹೇಳಿದ್ದು ಇಲ್ಲಿ ನಿಜ. ಆ ಮಾತನ್ನು ಕಾಗದದ ಮೇಲೆ ಬರೆದಿದ್ದರಿಂದಲೇ ನಾವು ಅದನ್ನು ಹಿಡಿದು ಕೇಳಲು ಆಯಿತು. ಜ್ಯೂರಿಯೊಬ್ಬರು ಅದನ್ನೇ ಮನಸ್ಸಿನಲ್ಲಿ ಅಂದುಕೊಂಡು ಕೈ ಎತ್ತಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಕೈಪಿಡಿ ಬಂದ ಮೇಲೆ ಮಾತು ಬರೆಯುವುದು ನಿಂತು, ಅನಿಸಿಕೆ ಒಳಗೇ ಉಳಿದರೆ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸಾಕ್ಷಿಯ ಹಾವಭಾವ. ನ್ಯಾಯಾಧೀಶರು ಸಾಕ್ಷಿಯ ಹಾವಭಾವದ ಬಗ್ಗೆ ಷರಾ ಬರೆಯಬಹುದು ಎಂದು ಸಿಆರ್‌ಪಿಸಿ 280ರಲ್ಲಿ ಇತ್ತು. ನಮ್ಮ ಹಳ್ಳಿಯ ಹೆಣ್ಣುಮಗಳು ಹಿರಿಯರ ಮುಂದೆ ತಲೆ ಮೇಲೆ ಸೆರಗು ಹೊದ್ದು, ನೆಲ ನೋಡುತ್ತ, ಮೆಲ್ಲಗೆ ಮಾತಾಡುವುದನ್ನು ಕಲಿತೇ ಬೆಳೆದವಳು. ಅದೇ ಮರ್ಯಾದೆ ಸಾಕ್ಷಿಕಟ್ಟೆಯಲ್ಲಿ "ಕಣ್ಣು ತಪ್ಪಿಸಿದಳು, ತಡವರಿಸಿದಳು" ಆಗುತ್ತದೆ. ಗಟ್ಟಿಯಾಗಿ ಮಾತಾಡಿದರೆ "ಕಲಿಸಿಕೊಟ್ಟ ಸಾಕ್ಷಿ". ಸುಳ್ಳು ಹೇಳುವವರನ್ನು ಮುಖ ನೋಡಿ ಹಿಡಿಯುತ್ತೇವೆ ಎಂಬ ನಂಬಿಕೆಯನ್ನು ಬಾಂಡ್ ಮತ್ತು ಡಿಪೌಲೊ 2006ರಲ್ಲಿ 206 ಅಧ್ಯಯನ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಜನ ಸರಿಯಾಗಿ ಹೇಳಿದ್ದು ಸರಾಸರಿ ಶೇ. 54. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೆ ಶೇ. 50. ಇದೊಂದು ಅಂಕಿಯನ್ನು ಪ್ರತಿ ತರಬೇತಿಯಲ್ಲೂ ಹೇಳಬೇಕು ಎಂದು ನನ್ನ ಒತ್ತಾಯ.

ಗೋಕಾಕ ಮಾಸ್ತರ

ನಾನು ನಿವೃತ್ತ ಶಿಕ್ಷಕ. ಗುರುತು ಪರೇಡಿನ ಬಗ್ಗೆ ಕೇಳಬೇಕಿತ್ತು. ಈಗ ಯಾರನ್ನರ ಹಿಡದ್ರ ಸಂಜಿಯೊಳಗ ಅವರ ಫೋಟೋ ಊರಿನ ವಾಟ್ಸಾಪ್ ಗ್ರೂಪಿನೊಳಗ ಬಂದಿರತೈತಿ. ಆಮ್ಯಾಲೆ ಸಾಲಿನಾಗ ನಿಲ್ಲಿಸಿ "ಯಾರು ಹೇಳ್ರಿ" ಅಂದ್ರ, ಸಾಕ್ಷಿದಾರ ನೆನಪಿಟ್ಟದ್ದು ಆ ರಾತ್ರಿಯ ಮುಖಾನೋ, ಫೋನಿನ ಮುಖಾನೋ?

ಗುಮ್ಮಟನಗರಿ (ವಿಜಯಪುರ)

ಗುರುಗಳ, ಅದನ್ನ ಸಾಕ್ಷಿದಾರರೂ ಬ್ಯಾರೆ ಮಾಡಿ ಹೇಳ್ಲಿಕ್ಕೆ ಆಗೋದಿಲ್ಲ. ಅಮೆರಿಕಾದ ಜೆನ್ನಿಫರ್ ಥಾಂಪ್ಸನ್ ಪ್ರಕರಣ ಬಹಿರಂಗ ದಾಖಲೆಯೊಳಗ ಅದ. 1984ರಾಗ ಆಕಿ ಮ್ಯಾಲೆ ಅತ್ಯಾಚಾರ ಆಯ್ತು. ಆ ಹೊತ್ತಿನಾಗೂ ಮುಖ ನೆನಪಿಟ್ಟುಕೋಬೇಕು ಅಂತ ಗಟ್ಟಿ ಮನಸ್ಸು ಮಾಡಿ ನೋಡಿದ್ಲು. ಮೊದಲು ಫೋಟೋಗಳಾಗ, ಆಮ್ಯಾಲೆ ಸಾಲಿನಾಗ ರೊನಾಲ್ಡ್ ಕಾಟನ್ ಅನ್ನೋನ್ನ ತೋರಿಸಿದ್ಲು. ಅವನು 1995ರಾಗ ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿ ಅಂತ ಹೊರಗ ಬಂದ. ಆಕಿ ಸುಳ್ಳು ಹೇಳಿರಲಿಲ್ಲ. ಅಲ್ಲಿ ಡಿಎನ್‌ಎಯಿಂದ ಬಿಡುಗಡೆ ಆದವರ ಪ್ರಕರಣಗಳಾಗ ಹತ್ತರಾಗ ಸುಮಾರು ಏಳರಾಗ ತಪ್ಪು ಗುರುತು ಇತ್ತು ಅಂತ, ತಪ್ಪಾಗಿ ಶಿಕ್ಷೆ ಆದವರ ಪರ ಕೆಲಸ ಮಾಡೋ ಇನ್ನೊಸೆನ್ಸ್ ಪ್ರಾಜೆಕ್ಟ್ ಸಂಸ್ಥೆಯ ಲೆಕ್ಕ.

ವೆಲ್ಸ್ ಮತ್ತ ಬ್ರಾಡ್‌ಫೀಲ್ಡ್ 1998ರಾಗ ಇನ್ನೊಂದು ತೋರಿಸಿದ್ರು. ತಪ್ಪು ಗುರುತು ಮಾಡಿದವರಿಗೆ "ಸರಿ, ಅವನೇ" ಅಂತ ಒಂದೇ ಮಾತು ಹೇಳಿದ್ರ ಸಾಕು, ಅವರಿಗೆ ತಾವು ಮೊದಲಿಂದ ಖಾತ್ರಿ ಇದ್ವಿ, ಮುಖ ಸ್ಪಷ್ಟ ನೋಡಿದ್ವಿ ಅಂತ ಅನಿಸ್ಲಿಕ್ಕೆ ಶುರು ಆಗ್ತದ. ಕೋರ್ಟಿನಾಗ ಸಾಕ್ಷಿ ಬೆರಳು ಮಾಡಿ ಗಟ್ಟಿಯಾಗಿ ಹೇಳೋ ಹೊತ್ತಿಗೆ ಆ ಗಟ್ಟಿತನ ಎಲ್ಲಿಂದ ಬಂತು ಅಂತ ಗೊತ್ತಾಗೋದಿಲ್ಲ.

ಕರಿಕೋಟು (ಬಾಗಲಕೋಟೆ)

ಈ ವಿಷಯದಾಗ ನಮ್ಮ ಪದ್ಧತಿ ಕಾಗದದ ಮ್ಯಾಲೆ ಅಮೆರಿಕಾಕ್ಕಿಂತ ಚಲೋ ಐತಿ ಅಂತ ಹೇಳಬೇಕು. ಪರೇಡ್ ಸಾಮಾನ್ಯವಾಗಿ ತಹಶೀಲ್ದಾರರು ನಡಸತಾರ, ತನಿಖಾಧಿಕಾರಿ ಅಲ್ಲಿ ನಿಂದರಬಾರದು. ಪರೇಡಿನ ಗುರುತು ತಾನ ಒಂದ ಪೂರ್ಣ ಸಾಕ್ಷ್ಯ ಅಲ್ಲ, ಬರೇ ಬೆಂಬಲ. ಮೊದಲ ಫೋಟೋ ತೋರಿಸಿದ್ರ ಅಂತ ಸಾಬೀತಾದ್ರ ಅದರ ಬೆಲೆ ಹೋತು. ವಾಟ್ಸಾಪ್ ಮಾತ್ರ ಹೊಸಾ ತ್ರಾಸು. "ಫೋಟೋ ನೋಡಿದ್ರೇನು" ಅಂತ ಪಾಟೀ ಸವಾಲಿನಾಗ ಕೇಳಿದ್ರ ಎಲ್ಲಾರೂ ಇಲ್ಲ ಅಂತಾರ. ಪರೇಡಿನ ದಿನಾನ ತಹಶೀಲ್ದಾರರು ಅದನ್ನ ಕೇಳಿ ಬರಕೋಬೇಕು, "ಎಷ್ಟು ಖಾತ್ರಿ" ಅಂತ ಅವರ ಮಾತಿನಾಗ ಬರಕೋಬೇಕು.

ಬದುವಿನ ಮ್ಯಾಲ (ಜಮಖಂಡಿ)

ಎಲ್ಲಾ ಸರಿ. ಜಾತಿ ವಿಷಯ ಯಾರೂ ತಗೀವಲ್ರಿ. ನಮ್ಮ ಕಡೆ ಮೊದಲ ಕೇಳೂದು ಆರೋಪಿ ಯಾರ ಪೈಕಿ ಅಂತ.

ಲೆಕ್ಕಪತ್ರ (ಚಿಕ್ಕೋಡಿ)

ಕೇಳಬೇಕಾದ ಪ್ರಶ್ನೆ. ಜಾತಿಯ ಬಗ್ಗೆ ನೇರ ಉತ್ತರ ನನ್ನ ಹತ್ತಿರ ಇಲ್ಲ, ಅದಕ್ಕೆ ಹತ್ತಿರದ್ದು ಹೇಳುತ್ತೇನೆ. ಇ-ಕೋರ್ಟ್ಸ್ ಜಾಲತಾಣದ 2010ರಿಂದ 2018ರವರೆಗಿನ 50 ಲಕ್ಷಕ್ಕೂ ಹೆಚ್ಚು ಕ್ರಿಮಿನಲ್ ಕೇಸುಗಳನ್ನು ಎಲಿಯಟ್ ಆಶ್, ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಮೊದಲಾದವರ ತಂಡ ಅಭ್ಯಾಸ ಮಾಡಿದೆ. ನ್ಯಾಯಾಧೀಶರು ಮತ್ತು ಆರೋಪಿ ಒಂದೇ ಧರ್ಮ ಅಥವಾ ಒಂದೇ ಲಿಂಗದವರಾದರೆ ಬಿಡುಗಡೆ ಹೆಚ್ಚುತ್ತದೆಯೇ ಎಂದು ನೋಡಿದರು. ಒಟ್ಟಾರೆ ಅಂಥ ಪಕ್ಷಪಾತ ಕಾಣಲಿಲ್ಲ, ಸೊನ್ನೆಗೆ ಬಹಳ ಹತ್ತಿರ. ಇದು ನಮ್ಮ ಕೆಳ ನ್ಯಾಯಾಲಯಗಳ ಬಗ್ಗೆ ಒಳ್ಳೆಯ ಸುದ್ದಿ, ಹಾಗೆಂದೇ ಹೇಳಬೇಕು. ಆದರೆ ಅವರು ಅಳೆದದ್ದು ತಮ್ಮವರ ಪರ ವಾಲುವುದನ್ನು. ಎಲ್ಲ ನ್ಯಾಯಾಧೀಶರೂ ಒಂದೇ ಗುಂಪಿನ ವಿರುದ್ಧ ಒಂದೇ ರೀತಿ ಕಠಿಣವಾಗಿದ್ದರೆ ಈ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಯಾರನ್ನು ಹಿಡಿದರು, ಯಾವ ಕಲಂ ಹಾಕಿದರು ಎಂಬುದು ಕೋರ್ಟಿಗೆ ಬರುವ ಮೊದಲೇ ಆಗಿಹೋಗಿರುತ್ತದೆ.

ಮರಣದಂಡನೆ ಕೈದಿಗಳ ಬಗ್ಗೆ 2016ರಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ವರದಿ ಬಂತು. ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ದುರ್ಬಲರು. ಇದಕ್ಕೆ ಯಾವ ಒಬ್ಬ ನ್ಯಾಯಾಧೀಶರ ದ್ವೇಷವೂ ಬೇಕಾಗಿಲ್ಲ.

ಗೋಕಾಕ ಮಾಸ್ತರ

ಹಂಗಾದ್ರ ಒಬ್ಬರ ಬದಲು ನಾಕು ಮಂದಿ ಕುಂತು ವಿಚಾರ ಮಾಡೂದ ಮೇಲಲ್ಲೇನು? ಊರಾಗ ದೈವ, ಅಂದ್ರ ಹಿರ್ಯಾರ ಸಭಾ, ಕೂಡಿಸಿ ನ್ಯಾಯ ಹೇಳತಿದ್ದದ್ದು ಅದಕ್ಕ.

ನಿಂಬಾಳ ಬಾಯಿ (ಬೆಳಗಾವಿ, ವಕೀಲೆ)

ಮಾಸ್ತರ್, ದೈವ ಕೂಡಿದಾಗ ಕಟ್ಟೆ ಮೇಲೆ ಯಾರು ಕೂಡುತ್ತಿದ್ದರು, ಕೆಳಗೆ ಯಾರು ನಿಲ್ಲುತ್ತಿದ್ದರು? ಹೆಣ್ಣುಮಕ್ಕಳು ಎಲ್ಲಿದ್ದರು? ಗೌಡರು ಮೊದಲು ಮಾತಾಡಿದ ಮೇಲೆ ಉಳಿದವರು ಬೇರೆ ಹೇಳಿದ್ದನ್ನು ನಾನು ಕೇಳಿಲ್ಲ.

ಗುಮ್ಮಟನಗರಿ (ವಿಜಯಪುರ)

ಇಬ್ಬರ ಮಾತಿಗೂ ಆಧಾರ ಅದ. ಸೊಮರ್ಸ್ 2006ರಾಗ 200 ಮಂದಿಯನ್ನ ಅಣಕು ಜ್ಯೂರಿಯಾಗಿ ಕೂಡಿಸಿದ. ಕೆಲವು ಗುಂಪಿನಾಗ ಬರೇ ಬಿಳಿಯರು, ಕೆಲವು ಗುಂಪಿನಾಗ ಬಿಳಿಯರು, ಕರಿಯರು ಇಬ್ಬರೂ. ಮಿಶ್ರ ಗುಂಪು ಹೆಚ್ಚು ಹೊತ್ತು ಚರ್ಚೆ ಮಾಡಿತು, ಕೇಸಿನ ಹೆಚ್ಚು ಸಂಗತಿ ಎತ್ತಿತು, ತಪ್ಪು ಕಡಿಮೆ ಮಾಡಿತು. ಹೊಸಾ ಸಂಗತಿ ಎಲ್ಲಾ ಕರಿಯರೇ ತಂದ್ರು ಅಂತಲ್ಲ. ಅವರು ಎದುರಿಗಿದ್ದಾರ ಅಂದ್ರ ಬಿಳಿಯರೂ ಜಾಗ್ರತಿಯಿಂದ ಮಾತಾಡಿದ್ರು. ಅಂದ್ರ ಮಂದಿ ಹೆಚ್ಚಾದ್ರ ಸಾಲದು, ಬ್ಯಾರೆ ಬ್ಯಾರೆ ಬದುಕಿನಿಂದ ಬಂದಿರಬೇಕು, ಮಾತಾಡ್ಲಿಕ್ಕೆ ಅಂಜಿಕಿ ಇರಬಾರದು.

ಇನ್ನ ಜ್ಯೂರಿ, ನ್ಯಾಯಾಧೀಶರ ನಡುವಿನ ಅಂತರ ನಾವು ತಿಳಿದಷ್ಟು ದೊಡ್ಡದಲ್ಲ. 1966ರಾಗ ಷಿಕಾಗೋದ ಕಾಲ್ವೆನ್ ಮತ್ತ ಝೈಸೆಲ್ 3,576 ಕೇಸು ನೋಡಿದಾಗ ಶೇ. 78ರಷ್ಟರಾಗ ಇಬ್ಬರೂ ಒಂದೇ ತೀರ್ಮಾನಕ್ಕ ಬರ್ತಿದ್ರು. ನಮ್ಮ ಮೇಡಂ ಪ್ರಶ್ನೆಗೆ ಇದು ಅರ್ಧ ಉತ್ತರ. ಉಳಿದ ಅರ್ಧ ನೀವೆಲ್ಲ ಕೊಟ್ರಿ: ಜ್ಯೂರಿ ತಗದ ಮ್ಯಾಲೆ ಅದರ ಕೆಲಸ ಒಂದೇ ಕುರ್ಚಿಗೆ ಬಂತು, ಆದ್ರ ಜ್ಯೂರಿಯನ್ನ ಕಾಯ್ಲಿಕ್ಕೆ ಅಂತ ಇದ್ದ ಏರ್ಪಾಡು ಆ ಕುರ್ಚಿಗೆ ಬರಲಿಲ್ಲ. "ನಿಷ್ಪಕ್ಷಪಾತಿ ಆಗಿರ್ರಿ" ಅಂತ ಹೇಳೋದು ಏರ್ಪಾಡು ಅಲ್ಲ. ಪ್ರಶ್ನೆ ಬರೆದುಕೊಳ್ಳೋದು, ಬ್ಯಾಡಾದ ಹಾಳಿ ಬ್ಯಾರೆ ಇಡೋದು, ಪರೇಡಿನ ದಿನಾನೇ ಖಾತ್ರಿ ಎಷ್ಟು ಅಂತ ಕೇಳೋದು, ಇವು ಏರ್ಪಾಡು.

ಅದಕ್ಕ ಪ್ರಾಜೆಕ್ಟ್ ಹಿಂಗ ಮಾಡಬೇಕಂತೀನಿ. ಒಂದೇ ಸಾಕ್ಷಿಯ ಹೇಳಿಕೆ ಎರಡು ರೂಪದಾಗ: ಒಂದು ನಿರೂಪಣೆ, ಇನ್ನೊಂದು ಪ್ರಶ್ನೋತ್ತರ. ಕಾನೂನು ಕಾಲೇಜಿನ ಕಡೀ ವರ್ಷದ ವಿದ್ಯಾರ್ಥಿಗಳಿಗೆ ಚೀಟಿ ಎತ್ತಿ ಯಾರಿಗೆ ಯಾವುದು ಅಂತ ಕೊಡೋದು. "ಈ ಸಾಕ್ಷಿ ಎಷ್ಟು ನಂಬಿಕಸ್ತ? ಅಪರಾಧಿನೋ ಅಲ್ಲೋ? ಯಾಕ?" ಅಂತ ಕೇಳೋದು. ಹೇಳಿಕೆ ಯಾರು ಬರೀಬೇಕು ಅನ್ನೋದೇ ಚಿಂತಿ, ನಾನು ಬರೆದ್ರ ಕೋರ್ಟಿನ ಹೇಳಿಕೆ ಹಂಗ ಕಾಣೋದಿಲ್ಲ.

ಶೀಘ್ರಲಿಪಿ (ಬೆಳಗಾವಿ, ನಿವೃತ್ತ)

ತಂಗಿ, ಅದನ್ನು ನಾನು ಬರೆದುಕೊಡುತ್ತೇನೆ. ಆದರೆ ಒಂದು ಷರತ್ತು: ಮೊದಲು ಯಾರಾದರೂ ಇಬ್ಬರು ನನ್ನ ಮುಂದೆ ಪ್ರಶ್ನೆ ಕೇಳಿ ಉತ್ತರ ಹೇಳಬೇಕು, ಒಬ್ಬರು ನ್ಯಾಯಾಧೀಶರಂತೆ ಬರೆಸಬೇಕು. ಬಾಯಿಂದ ಬಂದದ್ದನ್ನು ಬರೆದರೇನೇ ಎರಡು ರೂಪದ ವ್ಯತ್ಯಾಸ ನಿಜವಾದದ್ದಾಗುತ್ತದೆ. ಕುಂತಲ್ಲೇ ಕಲ್ಪಿಸಿ ಬರೆದರೆ ನಾನೇ ನಿಮ್ಮ ಪ್ರಯೋಗವನ್ನು ಒಂದು ಕಡೆ ಎಳೆದಂತಾಗುತ್ತದೆ.

ಲೆಕ್ಕಪತ್ರ (ಚಿಕ್ಕೋಡಿ)

ಸರಿಯಾದ ಷರತ್ತು. ಇನ್ನೊಂದು: ಉತ್ತರ ಪತ್ರಿಕೆ ತಿದ್ದುವವರಿಗೆ ಯಾವುದು ಯಾವ ಗುಂಪಿನದು ಎಂದು ಗೊತ್ತಿರಬಾರದು. ಎಷ್ಟು ಮಂದಿ ಬೇಕು, ಯಾವ ಲೆಕ್ಕ ಹಾಕುತ್ತೀರಿ ಎಂಬುದನ್ನು ಶುರು ಮಾಡುವ ಮೊದಲೇ ಬರೆದಿಡಿ. ಅಂಕಿ ನೋಡಲು ನಾನು ಬರುತ್ತೇನೆ.

ನಿಂಬಾಳ ಬಾಯಿ (ಬೆಳಗಾವಿ, ವಕೀಲೆ)

ಸಾಕ್ಷಿ ಹೆಣ್ಣಾಗಿರುವ ಒಂದು ಪ್ರತಿ, ಗಂಡಾಗಿರುವ ಒಂದು ಪ್ರತಿ ಮಾಡಿದರೆ ಅದೂ ಗೊತ್ತಾಗುತ್ತದೆ. ನಾಲ್ಕು ಗುಂಪಾಗುತ್ತದೆ, ವಿದ್ಯಾರ್ಥಿಗಳು ಹೆಚ್ಚು ಬೇಕಾಗುತ್ತಾರೆ. ಪಾಟೀ ಸವಾಲು ನಾನು ಮಾಡುತ್ತೇನೆ.

ಕರಿಕೋಟು (ಬಾಗಲಕೋಟೆ)

ಸಾಹೇಬ್ರ ಕುರ್ಚಿ ನನಗಿರಲಿ, ಬರಸೂದು ನನಗ ಗೊತ್ತೈತಿ. ಕೇಸು ಖರೇವು ಬ್ಯಾಡ, ಹೊಲದ ಬದುವಿನ ಹೊಡದಾಟ ಅಂತ ಒಂದು ಹೊಸದು ಕಟ್ಟೋಣ. ಸಂಜಿ ಹೊತ್ತು, ಬೀದಿದೀಪ ಇಲ್ಲ, ಒಬ್ಬನ ಸಾಕ್ಷಿದಾರ. ಕೋರ್ಟಿಗೆ ಬ್ಯಾಸಿಗಿ ರಜಾ ಇದ್ದಾಗ ಎಲ್ಲಾರೂ ಸಿಗತೇವಿ. ಜಮಖಂಡಿಯವರ, ಸಾಕ್ಷಿದಾರ ನೀವ ಆಗತೀರೇನು?

ಬದುವಿನ ಮ್ಯಾಲ (ಜಮಖಂಡಿ)

ಬರತೇನಿ. ಹೆಣ್ಣು ಸಾಕ್ಷಿದಾರಳಿಗೆ ನಮ್ಮ ಅಕ್ಕನ್ನ ಕೇಳತೇನಿ, ಆಕಿ ಒಮ್ಮೆ ಖರೇನ ಕೋರ್ಟಿನಾಗ ಸಾಕ್ಷಿ ಹೇಳ್ಯಾಳ. ಇಬ್ಬರಿಗೂ ಒಂದ ಕಾಗದ ಕೊಟ್ಟು ಓದಸ್ತೀರೋ, ಏನು ನಡದತಿ ಅಂತ ಬಾಯಿಲೆ ಹೇಳಿ ನಮ್ಮ ಮಾತಿನಾಗ ಹೇಳಸ್ತೀರೋ?

ಗುಮ್ಮಟನಗರಿ (ವಿಜಯಪುರ)

ಬಾಯಿಲೆನೇ ಹೇಳ್ತೀವಿ ಅಣ್ಣಾರ, ನಿಮ್ಮ ಮಾತಿನಾಗನೇ ಹೇಳ್ರಿ. ಗಂಡು-ಹೆಣ್ಣಿನ ಪ್ರತಿ ಹೋಲಿಸಬೇಕಂದ್ರ ಮಾತು ಎರಡರಾಗೂ ಒಂದೇ ಇರಬೇಕು, ಅದಕ್ಕ ಯಾರದಾದರೂ ಒಬ್ಬರ ಹೇಳಿಕೆ ತಗೊಂಡು ಹೆಸರು ಅಷ್ಟ ಬದಲಿ ಮಾಡ್ತೀನಿ. ಅಕ್ಕಾರನ್ನೂ ಕರಕೊಂಡು ಬರ್ರಿ, ಇಬ್ಬರದೂ ಕೇಳಿ ಯಾವುದು ತಗೋಬೇಕು ಅಂತ ಅವತ್ತೇ ಚೀಟಿ ಎತ್ತೋಣ. ಮೇಡಂಗೆ ನಾಳೆ ಪ್ರಸ್ತಾವನೆ ಕೊಡ್ತೀನಿ.